ಹೆಬ್ಬೆಟ್ಟು ಒತ್ತದ ಕಾಗದ

ನಿಜಾಮರ ಆಳ್ವಿಕೆ ಹೋದ ಮರುವರ್ಷ ನಾನು ದೋರನಹಳ್ಳಿಯ ಕುರುಬರ ಮನೆಗೆ ಹೊಸ ಸೊಸೆ. ಆಗ ನಮ್ಮದೊಂದು ಟಗರು ಕಳೆದುಹೋಯಿತು. ಮೂರನೆಯ ದಿನ ಅದನ್ನು ಶಿರವಾಳದ ಕುರುಬನೊಬ್ಬನ ಹಿಂಡಿನಲ್ಲಿ ನಾನೇ ಕಂಡೆ. ಅದರ ಎಡಗಿವಿಯಲ್ಲಿ ನಮ್ಮ ಮನೆತನದ ಗುರುತಿಗೆ ಕತ್ತರಿಸಿದ ಎರಡು ಕಚ್ಚು ಇದ್ದವು. ಮಾವ ಠಾಣೆಗೆ ಹೋದರು. ಹೊಸ ಸರ್ಕಾರದ ಜಮಾದಾರ ಮನೆಗೆ ಬಂದು, ಆ ಕುರುಬ ಟಗರನ್ನು ಕದ್ದೊಯ್ದದ್ದನ್ನು ನಾನು ಕಂಡೆನೆಂದು ಬರೆದು, ಓದಿ ಹೇಳಿ, ನನ್ನ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿದ.

“ಕದ್ದಿದ್ದು ನಾ ನೋಡಿಲ್ರಿ. ಅವನ ಹಿಂಡಿನ್ಯಾಗ ಇದ್ದದ್ದು ನೋಡೀನಿ,” ಎಂದೆ.

“ಎರಡೂ ಒಂದೇ ಅಲ್ಲೇನವಾ?” ಎಂದ ಜಮಾದಾರ.

“ಹ್ಯಾಂಗ ಒಂದೇ ಆಗ್ತಾವರಿ? ಕಿವಿ ಕಚ್ಚು ಟಗರು ಯಾರದಂತ ಹೇಳತದ, ಯಾರು ಒಯ್ದರಂತ ಹೇಳಂಗಿಲ್ಲ. ಎರಡೂ ಹಿಂಡು ಒಂದೇ ಹಳ್ಳಕ್ಕ ನೀರಿಗಿ ಬರ್ತಾವ.”

ಮಾವ ಹಲ್ಲು ಕಡಿದರು. “ನಮ್ಮ ಮನಿ ರೊಟ್ಟಿ ತಿಂದು ಅವನ ಪರ ಮಾತಾಡ್ತಿ?”

ನಾನು ಅವನ ಪರ ಇರಲಿಲ್ಲ. ಅವನೇ ಕದ್ದಿರಬಹುದೆಂಬ ಅನುಮಾನ ನನಗೂ ಇತ್ತು. ಆದರೆ ಅನುಮಾನಕ್ಕೆ ನನ್ನ ಕಣ್ಣನ್ನು ಸಾಕ್ಷಿ ಮಾಡಲು ನಾನು ತಯಾರಿರಲಿಲ್ಲ. ಮಸಿ ಹತ್ತಿದ ಬೆರಳನ್ನು ಕಾಗದಕ್ಕೆ ಒತ್ತದೆ, ಅವರೆದುರೇ ಮದುವೆ ಸೀರೆಯ ಸೆರಗಿಗೆ ಒರೆಸಿಕೊಂಡೆ. ಕಲೆ ಹೋಗಲಿಲ್ಲ. ಆ ಸೀರೆಯನ್ನೇ ಉಟ್ಟು ಊರೆಲ್ಲ ತಿರುಗಿದೆ.