ನಕ್ಷೆಯ ಮೇಲೆ ನನ್ನ ದೋಸೆ

೨೦೦೮ರಲ್ಲಿ ನಾನು ನೋಯ್ಡಾದ ಒಂದು ಆಫೀಸಿನಲ್ಲಿ ಕೂತು ಮನುಷ್ಯರನ್ನು ಚುಕ್ಕೆಗಳಾಗಿ ಮಾಡುತ್ತಿದ್ದೆ. ಆಗ ಪ್ರತಿ ಮೊಬೈಲ್ ಕಂಪನಿಗೂ ತನ್ನ ಗಿರಾಕಿ ಎಲ್ಲಿದ್ದಾನೆಂಬುದಷ್ಟೇ ಗೊತ್ತು, ಬೇರೆ ಕಂಪನಿಯವನದು ಗೊತ್ತಿಲ್ಲ. ಎಲ್ಲ ಕಂಪನಿಗಳ ಮಾಹಿತಿಯನ್ನೂ ತಂದು ಒಂದೇ ನಕ್ಷೆಯ ಮೇಲೆ ಕೂರಿಸುವುದು ನಮ್ಮ ಕೆಲಸ. ಟವರ್ ಹೇಳಿದ ಕಡೆ ಚುಕ್ಕೆ.

"ಪ್ರಯೋಗಕ್ಕೆ ಒಂದು ಮನೆ ಬೇಕು. ಒಬ್ಬೊಬ್ಬರದು ಒಂದೊಂದು ಕಂಪನಿಯ ಫೋನ್ ಆಗಿರಬೇಕು" ಎಂದರು ಮ್ಯಾನೇಜರ್.

ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಯಲ್ಲಿ ಯಾವ ಇಬ್ಬರೂ ಯಾವ ವಿಷಯವನ್ನೂ ಒಪ್ಪಿದ್ದಿಲ್ಲ; ಸಿಮ್ ಕೂಡ ಬೇರೆ ಬೇರೆ. ನಾನೇ ಕೈ ಎತ್ತಿದೆ. ದಿನವಿಡೀ ನಾನೆಷ್ಟು ಓಡುತ್ತೇನೆಂದು ಕಂಪ್ಯೂಟರಾದರೂ ನನ್ನ ಗಂಡ ಗೋಪಿನಾಥನಿಗೆ ತೋರಿಸಲಿ ಎಂಬ ಆಸೆ. ಎಲ್ಲರ ಫೋನಿಗೂ ಅನುಮತಿ ಕೇಳುವ ಸಂದೇಶ ಬಂತು.

"ಏನಮ್ಮಾ ವಾಸಂತಿ ಇದು?" ಎಂದರು ಅತ್ತೆ ಸುಶೀಲಮ್ಮ.

"ನೀವು ಎಲ್ಲಿದ್ದೀರಿ ಅಂತ ಗೊತ್ತಾಗೋದಕ್ಕೆ, ಅತ್ತೆ."

"ಮನೇಲೇ ಇರ್ತೀನಲ್ಲ. ಅದಕ್ಕೆ ಮೆಷಿನ್ ಬೇಕಾ?"

ಎಲ್ಲರ ಪರವಾಗಿ ನಾನೇ 'ಹೌದು' ಒತ್ತಿದೆ, ನನ್ನದಕ್ಕೂ. ಆ ಸಂಭ್ರಮದಲ್ಲಿ ಐತಪ್ಪನವರ ಹೋಟೆಲ್ಲು ಮರೆತೇ ಹೋಗಿತ್ತು.

ಸಂಜೆ ಆಫೀಸಿನ ಕ್ಯಾಬ್ ನನ್ನನ್ನು ಮಾರ್ಕೆಟ್ಟಿನ ಹತ್ತಿರ ಇಳಿಸುತ್ತಿತ್ತು. ಅಲ್ಲಿ ಕುಂದಾಪುರದ ಕಡೆಯ ಐತಪ್ಪ ಮತ್ತು ಪ್ರಫುಲ್ಲಾ ನಡೆಸುವ ಪುಟ್ಟ ಹೋಟೆಲ್ಲು. ಮನೆಗೆ ಹೋಗುವ ಮುಂಚೆ ಅರ್ಧ ಗಂಟೆ ಅಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿನ್ನುತ್ತಿದ್ದೆ. ಮನೆಯ ದೋಸೆಯ ದಿನ ಎಲ್ಲರಿಗೂ ಹುಯ್ದು ಹಾಕಿ, ಪಾತ್ರೆಯ ತಳ ಕೆರೆದ ಹಿಟ್ಟಿನ ಕೊನೆಯ ದೋಸೆಯನ್ನು ನಿಂತುಕೊಂಡೇ ನುಂಗುವವಳು ನಾನು. ಇಲ್ಲಿ ದೋಸೆಯೇ ನನ್ನ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಮೊದಲ ಸಂಜೆಯೇ ನನ್ನ ಲೆಕ್ಕಾಚಾರ ತಲೆಕೆಳಗಾಯಿತು. "ಮಮ್ಮಾ ತೋ ಹಿಲ್ ಹೀ ನಹೀಂ ರಹೀ" ಎಂದ ಮಗ ಧನುಷ್, ಮನೆಯ ಕಂಪ್ಯೂಟರಿನಲ್ಲಿ ನಕ್ಷೆ ನೋಡುತ್ತಾ. ಅಮ್ಮ ಅಲ್ಲಾಡ್ತಾನೇ ಇಲ್ಲವಂತೆ. ನಾನು ಒಂದು ಕೈಯಲ್ಲಿ ಚಪಾತಿ ತಿರುವುತ್ತಾ ಇನ್ನೊಂದು ಕೈಯಲ್ಲಿ ಒಗ್ಗರಣೆ ನೋಡುತ್ತಿದ್ದೆ.

"ನೋಡು, ನಾನು ಪಾರ್ಕಿಗೆ ಹೋಗಿಬಂದಿದ್ದು ಹೇಗೆ ಬಂದಿದೆ. ನೀನು ಬಂದಾಗಿನಿಂದ ಒಂದೇ ಕಡೆ. ಆರಾಮ್" ಎಂದ ಗೋಪಿನಾಥ.

ಟವರಿಗೆ ಅಡುಗೆಮನೆಯೂ ಸೋಫಾವೂ ಒಂದೇ ಜಾಗ. ಅಷ್ಟು ಓದಿದ ನನಗೆ ಇದು ಹೊಳೆದಿರಲಿಲ್ಲ.

ಕೆಲವು ದಿನ ಕಳೆದು, ದೋಸೆ ಆಗ ತಾನೇ ಮೇಜಿಗೆ ಬಂದಿತ್ತು, ಗೋಪಿನಾಥನ ಫೋನು ಬಂತು.

"ಮಾರ್ಕೆಟ್ ಹತ್ರ ಇದೀಯಲ್ಲ, ಮೊಸರು ಕೊತ್ತಂಬರಿ ತಗೊಂಡು ಬಾ. ಅಂದಹಾಗೆ, ದಿನಾ ಅಲ್ಲೇ ಅರ್ಧ ಗಂಟೆ ನಿಲ್ತೀಯಲ್ಲ, ಟ್ರಾಫಿಕ್ಕಾ?"

ನಕ್ಷೆ ತಪ್ಪು ಎನ್ನಬಹುದಿತ್ತು. ಆದರೆ ಅದನ್ನು ಮಾಡಿದವಳು ನಾನು. ಕೆಲಸದ ಅಭಿಮಾನ ಬಿಡಲಿಲ್ಲ.

"ದೋಸೆ ತಿಂತಿದೀನಿ ರೀ."

"ಒಬ್ಬಳೇ?"

"ಒಬ್ಬಳೇ."

"ಅಚ್ಛಾ. ಹಾಗಾದ್ರೆ ನಮಗೂ ಕಟ್ಟಿಸ್ಕೊಂಡು ಬಾ."

"ಇಲ್ಲ. ಮೆತ್ತಗಾಗತ್ತೆ. ಬೇಕಾದ್ರೆ ಬಂದು ತಿನ್ನಿ. ಆದರೆ ನಾನು ಇಲ್ಲಿಂದ ಹೊರಟಿದ್ದು ನಕ್ಷೇಲಿ ಕಂಡ ಮೇಲೆ ಬನ್ನಿ."

ಫೋನಿಟ್ಟು ದೋಸೆಗೆ ಕೈ ಹಾಕಿದೆ. ಅವರು ಕಾಯಲಿಲ್ಲ. ಎರಡನೇ ದೋಸೆಗೆ ಹೇಳುವಷ್ಟರಲ್ಲಿ ಮೂವರೂ ಬಾಗಿಲಲ್ಲಿದ್ದರು. ಗೋಪಿನಾಥ ನೇರ ನನ್ನ ಮೇಜಿನ ಕುರ್ಚಿ ಎಳೆದ. ಅತ್ತೆ ಅವನ ತೋಳು ಹಿಡಿದು ಆಚೆಯ ಮೇಜಿಗೆ ಕರೆದುಕೊಂಡು ಹೋದರು.

"ಅವಳದು ಮುಗೀಲಿ" ಎಂದರು. ಆಮೇಲೆ ಪ್ರಫುಲ್ಲಾಗೆ, "ನನಗೆ ಮೊದಲು ಹಾಕಮ್ಮ. ಗರಿಗರಿಯಾಗಿ."

ಧನುಷ್ ಸಾಂಬಾರ್ ಚೆಲ್ಲಿದ. ನಾನು ಎದ್ದೇಬಿಟ್ಟಿದ್ದೆ. ಅತ್ತೆ ನನ್ನ ಕಡೆ ನೋಡದೆಯೇ, "ಕೂತ್ಕೋ" ಎಂದರು.

ಕೂತೆ. ನನ್ನ ಮೇಜು, ನನ್ನ ಬಿಸಿ ದೋಸೆ, ನನ್ನ ಅರ್ಧ ಗಂಟೆ. ಆ ಹೊತ್ತೆಲ್ಲಾ ನಾನು ನೋಡಿದ್ದು ಆಚೆಯ ಮೇಜನ್ನೇ, ಯಾರ ತಟ್ಟೆಯಲ್ಲಿ ಚಟ್ನಿ ಮುಗಿದಿದೆ ಎಂದು.