ಕೂಸನ್ನು ಅಳಿಸಿದ ನಮ್ಮತ್ತೆ

ಮಗು ಅಳುವ ಸದ್ದು ಕೇಳಿದರೆ ನಮ್ಮತ್ತೆ ಕೆಂಚಮ್ಮನವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಮುದ್ದೆಕೋಲನ್ನು ಹಿಟ್ಟಿನಲ್ಲೇ ಬಿಟ್ಟು ಬೀದಿಗೆ ಓಡುತ್ತಿದ್ದರು. ಯಾರ ಮಗುವಾದರೇನು, ಅದರ ತಾಯಿಗೆ ಬೈಗುಳ ತಪ್ಪುತ್ತಿರಲಿಲ್ಲ. "ನಿನ್ ಕೆಲ್ಸ ಎಲ್ಗೂ ಓಡೋಗಲ್ಲ ಕಣಮ್ಮ, ಮೊದ್ಲು ಕೂಸ್ನ ಎತ್ಕೋ!" ಐ.ಡಿ.ಹಳ್ಳಿ ಹತ್ತಿರದ ಊರಿನಲ್ಲಿ ಕುರಿ ಸಾಕಿದ ಮನೆ ನಮ್ಮದು. ಅತ್ತೆಯ ಮಡಿಲಲ್ಲಿ ಸದಾ ನೂಲುವ ಉಣ್ಣೆ, ಇಲ್ಲವೇ ಪಕ್ಕದ ಮನೆಯ ಮಗು.

ಅಂಥವರು ನನ್ನ ಚೊಚ್ಚಲ ಮಗನನ್ನು, ಹುಟ್ಟಿದ ಬೆಳಗ್ಗೆಯೇ, ತೊಡೆ ಕೆಂಪಾಗುವಂತೆ ಚಿವುಟಿದರು.

ನನಗೆ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ಮಗು ಜೋರಾಗಿ ಅತ್ತು ಸುಮ್ಮನಾಯಿತು. ಆಗಲೇ ಚಿವುಟಿದ್ದು. ಮತ್ತೆ ಅತ್ತು ಸುಮ್ಮನಾಯಿತು, ಮತ್ತೆ ಚಿವುಟಿದರು. "ನಿಮ್ಗೇನ್ ಹುಚ್ಚಾ ಅತ್ತೆಮ್ಮ?" ಎಂದು ಕಿರುಚಿ, ಮಗುವನ್ನು ಕಿತ್ತುಕೊಂಡು ಹಾಲಿಗೆ ಹಾಕಿಕೊಂಡೆ. ಮೊಲೆ ಸಿಕ್ಕಿದ್ದೇ ಅಳು ನಿಂತಿತು. ತುಟಿ ನೀಲಿಯಾಯಿತು, ಆಮೇಲೆ ಮುಖವೆಲ್ಲ. ಅತ್ತೆ ಎಳೆದುಕೊಂಡು ಅಂಗಾಲಿಗೆ ಪಟ್ಟನೆ ಹೊಡೆದರು. ಅದು ಬಾಯಿಬಿಟ್ಟು ಅರಚಿತು, ನೋಡನೋಡುತ್ತ ಕೆಂಪಾಯಿತು.

ಅತ್ತೆ ಉಣ್ಣೆಯ ಒಂದು ಎಳೆ ಕಿತ್ತು ಮಗುವಿನ ಮೂಗಿನ ಹೊಳ್ಳೆಗಳ ಹತ್ತಿರ ಹಿಡಿದರು. ಎಳೆ ಅಲುಗಲಿಲ್ಲ.

"ನೋಡಮ್ಮ, ಎರಡ್ರಲ್ಲೂ ಗಾಳಿ ಇಲ್ಲ. ಬಾಯ್ ಮುಚ್ಚಿದ್ರೆ ಜೀವ ಹೋಯ್ತದೆ. ಇದು ಅಳ್ತಾನೇ ಇರ್ಬೇಕು."

ನನ್ನ ಗಂಡ ಗಾಡಿ ಕಟ್ಟಿದರು. ಮಧುಗಿರಿಯಲ್ಲಿದ್ದ ಮಹಾರಾಜರ ಸರ್ಕಾರದ ಆಸ್ಪತ್ರೆಯವರೆಗೂ, ಅಳು ನಿಂತಾಗಲೆಲ್ಲ ಅತ್ತೆ ಚಿವುಟಿದರು, ಚಿವುಟುತ್ತ ತಾವೂ ಅತ್ತರು. ದಾರಿಯಲ್ಲಿ ಹೆಂಗಸೊಬ್ಬಳು "ನೀನೇನ್ ಹೆಂಗ್ಸೋ ರಾಕ್ಷಸೀನೋ?" ಎಂದು ಉಗಿದಳು. ಅತ್ತೆ ತಲೆಯೆತ್ತಲಿಲ್ಲ.

ಡಾಕ್ಟರು ಮೂಗಿನೊಳಗೆ ಸಣ್ಣ ರಬ್ಬರ್ ನಳಿಕೆ ತೂರಿಸಿ ನೋಡಿದರು. ಎರಡು ಕಡೆಯೂ ತಡೆಯಿತು. ಅದರದೇ ಒಂದು ತುಂಡನ್ನು ನಾಲಿಗೆಯ ಮೇಲಿಟ್ಟು ಕಟ್ಟಿದರು. ಮಗು ಅಳು ನಿಲ್ಲಿಸಿತು. ಕೆಂಪಗೇ ಇತ್ತು.

"ಎಳೆಗೂಸಿಗೆ ಮೂಗೇ ಉಸಿರಿನ ದಾರಿ. ಹಾಲು ಕುಡಿಯುತ್ತಲೇ ಉಸಿರಾಡಬೇಕಲ್ಲ! ಅತ್ತಾಗ ಮಾತ್ರ ಬಾಯಿಂದ ಗಾಳಿ ಹೋಗುತ್ತದೆ. ಇದಕ್ಕೆ ಮೂಗಿನ ಹಿಂಭಾಗವನ್ನು ಪೊರೆ ಮುಚ್ಚಿದೆ, ತೂತು ಮಾಡುತ್ತೇನೆ" ಎಂದರು.

ಅತ್ತೆ ನೆಲಕ್ಕೆ ಕುಸಿದರು. "ಒಂದ್ ತುಂಡ್ ನಳಿಕೆಗೆ ಸುಮ್ಕಾಗೋದಾ ಸ್ವಾಮಿ? ದಾರಿಯೆಲ್ಲ ಚಿವುಟ್ಬುಟ್ನಲ್ಲ, ಪಾಪಿ ನಾನು!"

"ನೀವು ಚಿವುಟದೆ ಹೋಗಿದ್ದರೆ ನಾನು ಯಾರ ಬಾಯಿಗೆ ನಳಿಕೆ ಇಡಬೇಕಿತ್ತು, ತಾಯಿ?"

ಆ ಮಾತು ಅವರಿಗೆ ಸಮಾಧಾನ ತರಲಿಲ್ಲ. ಮಗು ಉಳಿಯಿತು, ಮೂಗಿನಲ್ಲೇ ಉಸಿರಾಡಿತು. ಆದರೂ ತೊಡೆಯ ಕಲೆ ಮಾಯುವವರೆಗೆ ಅತ್ತೆ ಅದಕ್ಕೆ ನೀರೆರೆಯಲು ಒಪ್ಪಲಿಲ್ಲ. ಬಟ್ಟೆ ಬಿಚ್ಚಿದರೆ ಮುಖ ತಿರುಗಿಸುತ್ತಿದ್ದರು.

ಮಗನಿಗೆ ಮೀಸೆ ಮೂಡುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಕಣ್ಣು ಕಾಣುತ್ತಿರಲಿಲ್ಲ. ಮಧುಗಿರಿಯಲ್ಲಿ ಓದುತ್ತಿದ್ದವನು ನೆಗಡಿಯಲ್ಲೇ ಓಡಿಬಂದು, ಬಾಯಲ್ಲಿ ಉಸಿರು ಬಿಡುತ್ತ ಪಕ್ಕದಲ್ಲಿ ಕೂತ. ಅತ್ತೆ ಬೆಚ್ಚಿಬಿದ್ದರು.

"ಬಾಯ್ ಮುಚ್ಲಾ ಮಗ, ಮುಚ್ಲಾ" ಎಂದು ಅವನ ಮೂಗಿನ ಕೆಳಗೆ ಅಂಗೈ ಹಿಡಿದರು. ಅವನು ಬಾಯಿ ಮುಚ್ಚಿದ. "ಒಂದ್ರಲ್ಲೇ ಬರ್ತೈತೆ" ಎಂದರು ಗಾಬರಿಯಿಂದ.

"ಯಾವಾಗ್ಲೂ ಇಂಗೇ ಕಣಜ್ಜಿ. ಒಂದ್ ಹೊತ್ತು ಇದು ಜೋರು, ಒಂದ್ ಹೊತ್ತು ಅದು. ಇನ್ನೊಂದೂ ಬರ್ತೈತೆ, ಇರು."

ಆಮೇಲೆ ಆ ಕೈಯನ್ನು ಅವನೇ ಹಿಡಿದು ಮೂಗಿನ ಹತ್ತಿರ ಇಟ್ಟುಕೊಂಡು ಕೂತ. ಸಂಜೆ ದನಕರು ಮನೆಗೆ ಬರುವಾಗ "ಅಜ್ಜಿ, ಬಂತು ನೋಡು, ಇನ್ನೊಂದ್ರಲ್ಲೂ ಬಂತು!" ಎಂದ. ನಾನು ಹತ್ತಿರ ಹೋಗಿ ಮುಟ್ಟಿದೆ. ಅತ್ತೆಯ ಕೈ ಆಗಲೇ ತಣ್ಣಗಾಗಿತ್ತು.