ಎದ್ದ ಹುಳು, ಮಲಗಿದ ಹುಳು

ನಾನು ಲೀಡರ್ ಆಗಿದ್ದಕ್ಕೆ ಕಾರಣ ನನ್ನ ಬೈಕು. ಕನಕಪುರದಿಂದ ಸಾತನೂರಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಆರು ಜನ ಹುಡುಗರು ಸೇರಿ ಚಾಕಿ ಕೇಂದ್ರ ಶುರು ಮಾಡಿದ್ದೆವು. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎರಡನೇ ಜ್ವರ ದಾಟುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಕೆಲಸ. ಮೊಟ್ಟೆ ತರಲು ಗಾಡಿ ಬೇಕಿತ್ತು. ಉಳಿದ ಐವರ ಹತ್ತಿರ ಬುದ್ಧಿಯಿತ್ತು, ನನ್ನ ಹತ್ತಿರ ಬೈಕಿತ್ತು.

ಹುಳು ಪೊರೆ ಬಿಡುವ ಮುಂಚೆ ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಮಲಗುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸುಣ್ಣದ ಪುಡಿ ಚೆಲ್ಲಿ ಸುಮ್ಮನೆ ಕಾಯಬೇಕು. ಮೊದಲೆದ್ದವು ಹಸಿದು ತಲೆಯಾಡಿಸಿದರೂ ಕರಗಬಾರದು. ಸೊಪ್ಪು ಹಾಕಿದರೆ ಅವು ತಿಂದು ಮುಂದೆ ಹೋಗುತ್ತವೆ, ಮಲಗಿದ್ದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ. ಆಮೇಲೆ ಆ ಬೆಳೆ ಕೊನೆಯವರೆಗೂ ಒಂದಾಗುವುದಿಲ್ಲ. ಇದು ನಮ್ಮೂರಿನ ಕುರಿಗೂ ಗೊತ್ತಿರುವ ವಿಷಯ.

ನಮ್ಮ ಮೊದಲ ಬೆಳೆಯ ಗೂಡಿಗೆ ರಾಮನಗರದ ಮಾರ್ಕೆಟ್ಟಿನಲ್ಲಿ ಆವತ್ತಿನ ಎಲ್ಲರಿಗಿಂತ ಹೆಚ್ಚು ರೇಟು ಸಿಕ್ಕಿತು. ಗೂಡು ರೈತರದ್ದು, ಸೊಪ್ಪು ರೈತರದ್ದು, ನಿದ್ದೆಗೆಟ್ಟಿದ್ದು ಅವರ ಮನೆಯವರು. ಕೂಲಿಂಗ್ ಗ್ಲಾಸ್ ಕೊಂಡವನು ಮಾತ್ರ ನಾನು. ಸಾತನೂರಿನ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಇಡೀ ಜಿಲ್ಲೆ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನೋಡುತ್ತಿದ್ದವನು ಕ್ಲೀನರ್ ಒಬ್ಬನೇ, ಅದೂ ನಾನು ಎದ್ದರೆ ಟೇಬಲ್ ಒರೆಸೋಣ ಅಂತ.

ಮುಂದಿನ ಬೆಳೆ ಎರಡನೇ ಜ್ವರದಲ್ಲಿದ್ದಾಗ ಅಕ್ಕಪಕ್ಕದ ಊರಿನವರು ನಮ್ಮ ಕೇಂದ್ರ ನೋಡಲು ಬಂದರು. ಹುಳು ಮಲಗಿದ್ದರೆ ನೋಡುವುದಕ್ಕೇನಿದೆ? ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡೆ. ಆ ಐವರಲ್ಲೊಬ್ಬನಾದ ನನ್ನ ಚಿಕ್ಕಪ್ಪನ ಮಗ ಕೈ ಹಿಡಿದ.

"ಲೇ, ಅರ್ಧಕ್ಕರ್ಧ ಇನ್ನೂ ಮಲ್ಗವೆ ಕಣ್ಲಾ. ಸಂಜೆಗಂಟ ತಡ್ಕೊ."

"ಮಾರ್ಕೆಟ್ನಾಗೆ ಫಸ್ಟ್ ಬಂದೋರು ಯಾವತ್ತಾದ್ರೂ ಕಾಯ್ತಾರೇನ್ಲಾ?"

"ಫಸ್ಟ್ ಬಂದಿದ್ದು ಹುಳ. ನೀನಲ್ಲ."

ಮದುವೆಮನೆಯಲ್ಲಿ ಅಕ್ಷತೆ ಹಾಕುವವನ ಗತ್ತಿನಲ್ಲಿ ಸೊಪ್ಪು ಹಾಕಿದೆ. ಬಂದವರು ಚೆನ್ನಾಗಿದೆ ಚೆನ್ನಾಗಿದೆ ಅಂದು, ಟೀ ಕುಡಿದು ಹೋದರು. ಆಮೇಲೆ ಆ ಹುಳುಗಳನ್ನೇ ರೈತರಿಗೆ ಹಂಚಿದೆವು.

ಆ ಬೆಳೆ ಗೂಡು ಕಟ್ಟುವ ಹೊತ್ತಿಗೆ ಪಕ್ಕದೂರಿನ ಒಬ್ಬ ಅಕ್ಕ ಬಸ್ಸಿಳಿದು ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ಮಗ, ನಿನ್ ಹುಳ ಅರ್ಧ ಹಣ್ಣಾಗಿ ಗೂಡು ಕಟ್ಟಕ್ಕೆ ಗ್ವಾಡೆ ಹತ್ತವೆ. ಇನ್ನರ್ಧ ಊಟ ಕೇಳ್ತಾವೆ. ನಾನು ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬುಡ್ಲಾ, ಸೊಪ್ಪು ಕುಯ್ಲಾ? ಒಸಿ ಯೋಳು, ನೀನೇ ಲೀಡ್ರಲ್ವಾ."

ನಾನು ಕೂಲಿಂಗ್ ಗ್ಲಾಸ್ ತೆಗೆದು ಜೇಬಿಗಿಟ್ಟೆ. ಆವತ್ತಿನಿಂದ ಸೊಪ್ಪಿನ ಬುಟ್ಟಿ ಮುಟ್ಟಲೂ ಹೆದರಿದೆ. ಮೂರನೇ ಬೆಳೆ ಬಂತು. ಹುಳು ಎದ್ದವು, ಸೊಪ್ಪು ಹಾಕು ಅಂದರು ಎಲ್ಲರೂ. ನಾನು ಟ್ರೇಗಳ ಮುಂದೆ ಅಡ್ಡ ನಿಂತೆ. "ಅಗೋ, ಅಲ್ಲೊಂದು ಮಲ್ಗೈತೆ" ಅಂದೆ. ನಾನು ಬೆರಳು ತೋರಿಸಿದ್ದು ಹುಳುವಲ್ಲ, ಹುಳು ಬಿಟ್ಟುಹೋದ ಪೊರೆ. ಆ ಪೊರೆ ಏಳಲಿ ಅಂತ ಮರುದಿನದವರೆಗೆ ಕಾಯಿಸಿದೆ. ಹಸಿದ ಹುಳು ಬಡಕಲಾಗಿ ರೈತರ ಮನೆ ಸೇರಿದವು, ಬಹುಪಾಲು ಅಲ್ಲೇ ಸತ್ತವು.

ಚಿಕ್ಕಪ್ಪನ ಮಗ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಗೆದ್ರೆ ನಿನ್ನ ಹಿಡಿಯಕ್ಕಾಗಲ್ಲ, ಸೋತ್ರೆ ನಿನ್ನ ಎಬ್ಸಕ್ಕಾಗಲ್ಲ. ಇನ್ ನಾವು ಯಾರ್ ಹಿಂದೆ ಬರನ ಯೋಳು" ಅಂದ, ಅಷ್ಟೇ.

ಜನ ಬೇರೆ ಕೇಂದ್ರಗಳಿಗೆ ಹೋದರು. ನಾಲ್ಕನೇ ಬೆಳೆಗೆ ಹುಳು ಬೇಕು ಅಂದವಳು ಆ ಅಕ್ಕ ಒಬ್ಬಳೇ. ಅದಕ್ಕೂ ನಾನು ಹಲ್ಲು ಬಿಟ್ಟಾಗ ಅವಳು ತಡೆದಳು. "ನಿನ್ ಮ್ಯಾಲೆ ನಂಬ್ಕೆ ಅಂದ್ಕಬ್ಯಾಡ. ಬ್ಯಾರೆ ಕಡೆ ಹುಳ ತಡ ಆಯ್ತದೆ, ನನ್ ಸೊಪ್ಪು ಬಲ್ತೋಯ್ತದೆ."

ಆ ಹುಳು ಎರಡನೇ ಜ್ವರದಲ್ಲಿದ್ದ ದಿನ ಐವರೂ ಒಟ್ಟಿಗೆ ಒಳಗೆ ಬಂದರು. ಕೇಂದ್ರ ಮುಚ್ಚುವ ಮಾತು. ದನಿ ಏರುತ್ತಿತ್ತು. ಆರು ಜನ ಒಟ್ಟಿಗಿರಬೇಕು ಅನ್ನುವುದೊಂದೇ ನನ್ನ ಆಸೆಯಾಗಿತ್ತು. ಅತ್ತು ಕೇಳಿಕೊಳ್ಳಲು ಮಾತುಗಳನ್ನೂ ಜೋಡಿಸಿಟ್ಟಿದ್ದೆ. ಆದರೆ ಬಾಯಿಂದ ಬಂದದ್ದು ಇಷ್ಟು: "ಹುಳ ಮಲ್ಗವೆ. ಆಚೆ ನಡೀರ್ಲಾ."

ಹೊಂಗೆಮರದ ಕೆಳಗೆ ಎಲ್ಲ ತೀರ್ಮಾನವಾಯಿತು. ಇದೇ ಕೊನೆಯ ಬೆಳೆ. ಚಿಕ್ಕಪ್ಪನ ಮಗ ಚನ್ನಪಟ್ಟಣದ ಕಡೆಯ ಇನ್ನೊಂದು ಕೇಂದ್ರಕ್ಕೆ ಸೇರುತ್ತಾನೆ. ನಾನು ಆಗಲಿ ಅಂದೆ.

"ಯಾಕ್ಲಾ, ಜಗಳ ಆಡಲ್ವಾ?" ಅಂದ ಅವನು. ನಾನು ಕೂಗಾಡುತ್ತೇನೆ ಅಂತ ಅವನು ತಯಾರಾಗಿ ಬಂದಿದ್ದ. ಪಾಪ, ನಿರಾಸೆಯಾಯಿತು.

ಒಳಗೆ ಹೋದೆ. ಅರ್ಧ ಎದ್ದಿದ್ದವು. ಕುಳಿತೆ. ಮುಕ್ಕಾಲು ಎದ್ದವು. ಕುಳಿತೇ ಇದ್ದೆ. ಎಲ್ಲವೂ ಎದ್ದ ಮೇಲೆ ಸೊಪ್ಪು ಹಾಕಿದೆ. ಒಂದು ಕ್ಷಣ ಮುಂಚೆಯೂ ಅಲ್ಲ, ಆಮೇಲೆಯೂ ಅಲ್ಲ. ಅಕ್ಕ ಬಂದು ಟ್ರೇ ಮೇಲೆ ಬಗ್ಗಿ ನೋಡಿದಳು. "ಒಂದೇ ಸಮ ಅವೆ" ಅಂದು ಹುಳು ತೆಗೆದುಕೊಂಡು ಹೋದಳು. ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಬ್ಲೀಚಿಂಗ್ ಪೌಡರ್ ಹಾಕಿ ಟ್ರೇ ತೊಳೆಯುವಾಗ ಚಿಕ್ಕಪ್ಪನ ಮಗ ಅಂದ, "ಈ ಬುದ್ಧಿ ಮದ್ಲೇ ಇದ್ದಿದ್ರೆ ನಾವ್ಯಾಕ್ಲಾ ಹೊಯ್ತಿದ್ದೊ?"

"ಬುದ್ಧಿ ಅಲ್ಲ ಕಣ್ಲಾ. ಕುಣಿಯಕ್ಕೂ ಏನೂ ಉಳ್ದಿಲ್ಲ, ಹೆದ್ರಕ್ಕೂ ಏನೂ ಉಳ್ದಿಲ್ಲ."

ಅವನು ತೊಳೆದ ಟ್ರೇಗಳನ್ನು ಬಿಸಿಲಿಗೆ ಒರಗಿಸಿದ.

ಮರುದಿನ ಮಾಗಡಿ ಕಡೆಯವರೊಬ್ಬರು ಟೆಂಪೊ ತಂದು ಟ್ರೇಗಳನ್ನೆಲ್ಲ ಕೊಂಡರು. ತುಂಬಲು ನಾನೇ ಕೈ ಕೊಟ್ಟೆ. ಹಗ್ಗ ಬಿಗಿಯುತ್ತಾ ಅವರು ಕೇಳಿದರು, "ಬೆಳೆ ಹೆಂಗ್ ಬತ್ತಿತ್ತು ನಿಮ್ಗೆ?"

"ಕೊನೇದು ಚೆನ್ನಾಗಿತ್ತು ಸಾರ್" ಅಂದೆ.